ಹೊಳೆಗೆ ಇಳಿಯುವ ಜಾಗಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಘಟ್ಟ, ತೀರ್ಥ, ಕಡವು, ಹಾಯ್ಗಡ ಪದಗಳ ಅರ್ಥ ಮತ್ತು ಮೂಲ

ಹೊಳೆಸಾಲು, ಬೀಳಗಿ

ಎಲ್ಲರಿಗೂ ಶರಣು. ಕೃಷ್ಣಾ ದಂಡೆಯ ನಮ್ಮ ಊರಿನಲ್ಲಿ ಹೊಳೆಗೆ ಇಳಿಯುವ ಹಳೆಯ ಕಲ್ಲಿನ ಪಾವಟಿಗೆಗಳನ್ನು ಈ ವರ್ಷ ದುರಸ್ತಿ ಮಾಡಿಸಿ, ಅಲ್ಲೊಂದು ನಾಮಫಲಕ ನಿಲ್ಲಿಸಬೇಕೆಂದು ಊರವರು ನಿರ್ಧರಿಸಿದ್ದಾರೆ. ಫಲಕ ಬರೆಯುವವರು ‘ಘಾಟ್’ ಎಂದು ಬರೆದು ತಂದ ಮಾದರಿಯನ್ನು ನೋಡಿ, ಇದು ಹಿಂದಿಯ ಶಬ್ದ, ಕಾಶಿಗೆ ಹೋಗಿ ಬಂದವರು ತಂದದ್ದು ಎಂದು ಕೆಲವರು ಆಕ್ಷೇಪಿಸಿದರು. ಹಾಗಾದರೆ ‘ಘಟ್ಟ’ ಎಂದು ಬರೆಯೋಣವೆಂದರೆ, ಘಟ್ಟವೆಂದರೆ ಗುಡ್ಡವಲ್ಲವೇ, ಎರೆಭೂಮಿಯ ಈ ಬಯಲಿಗೆ ಘಟ್ಟ ಎಲ್ಲಿಂದ ಬಂತು ಎಂದು ಇನ್ನು ಕೆಲವರು ಕೇಳಿದರು. ಮನೆಗೆ ಬಂದು ನಮ್ಮ ಆಯಿಯನ್ನು ವಿಚಾರಿಸಿದೆ. ಅವರು ಜಾಗಕ್ಕೆ ಯಾವ ಹೆಸರನ್ನೂ ಹೇಳಲಿಲ್ಲ. “ಹೊಳಿ ಹಾಯಾಕ ಇಲ್ಲೇ ಬರ್ತಿದ್ವಿ” ಎಂದಷ್ಟೇ ಅಂದರು.

ದುರಸ್ತಿಯ ವೇಳೆ ಹೂಳು ತೆಗೆದಾಗ ಕೆಳಗಿನ ಪಾವಟಿಗೆಯ ಪಕ್ಕದಲ್ಲಿ ತೂತು ಕೊರೆದ ಒಂದು ಕಲ್ಲು ಕಾಣಿಸಿತು. ತೂತಿನ ಒಂದು ಅಂಚು ಹೆಬ್ಬೆರಳು ಕೂರುವಷ್ಟು ಸವೆದು ನುಣುಪಾಗಿದೆ. ಅದು ಹಗ್ಗ ತಿಕ್ಕಿದ ಗುರುತು. ಅಂದರೆ ಈ ಜಾಗ ಬಟ್ಟೆ ಒಗೆಯಲು, ಜಳಕ ಮಾಡಲು ಮಾತ್ರ ಕಟ್ಟಿದ್ದಲ್ಲ, ಇಲ್ಲಿ ದೋಣಿ ಕಟ್ಟುತ್ತಿದ್ದರು. ಇಂಥ ಜಾಗಕ್ಕೆ ನಮ್ಮ ಭಾಷೆಯಲ್ಲಿ ಇರುವ ಸರಿಯಾದ ಶಬ್ದ ಯಾವುದು, ಅದರ ಮೂಲವೇನು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಶಬ್ದಮೂಲ, ಮುಧೋಳ

ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದವನಾದ್ದರಿಂದ ನನಗೆ ತಿಳಿದ ಕಡೆಯಿಂದಲೇ ಆರಂಭಿಸುತ್ತೇನೆ. ‘ಘಾಟ್’ ಮತ್ತು ‘ಘಟ್ಟ’ ಬೇರೆ ಬೇರೆ ಶಬ್ದಗಳಲ್ಲ. ಸಂಸ್ಕೃತದಲ್ಲಿ ‘ಘಟ್ಟ’ ಎಂಬ ರೂಪವಿದ್ದು, ನದಿಗೆ ಇಳಿಯುವ ಮೆಟ್ಟಿಲುಗಳು, ದೋಣಿ ಬಂದು ನಿಲ್ಲುವ ಜಾಗ ಎಂಬುದೇ ಅದರ ಅರ್ಥ. ಉತ್ತರದ ಭಾಷೆಗಳಲ್ಲಿ ಹಿಂದಿನ ಒತ್ತಕ್ಷರ ಸಡಿಲವಾಗಿ ಅದರ ಮೊದಲಿನ ಸ್ವರ ದೀರ್ಘವಾಗುವುದು ನಿಯಮದಂತೆ ನಡೆದಿರುವ ಬದಲಾವಣೆ. ‘ಹಸ್ತ’ ಪ್ರಾಕೃತದಲ್ಲಿ ‘ಹತ್ಥ’ವಾಗಿ ಹಿಂದಿಯಲ್ಲಿ ‘ಹಾಥ್’ ಆದಂತೆ, ‘ಸಪ್ತ’ವು ‘ಸತ್ತ’ವಾಗಿ ‘ಸಾತ್’ ಆದಂತೆ, ‘ಘಟ್ಟ’ವು ಹಿಂದಿ ಮರಾಠಿಗಳಲ್ಲಿ ‘ಘಾಟ್’ ಆಯಿತು. ಕನ್ನಡವು ಒತ್ತಕ್ಷರವಿರುವ ಹಳೆಯ ರೂಪವನ್ನೇ ಉಳಿಸಿಕೊಂಡಿದೆ. ಆದ್ದರಿಂದ ‘ಘಟ್ಟ’ ಎಂದು ಬರೆದರೆ ಅದು ಹಿಂದಿಯಿಂದ ತಂದ ಶಬ್ದವನ್ನು ಕನ್ನಡಕ್ಕೆ ತಿರುಗಿಸಿಕೊಂಡಂತೆ ಆಗುವುದಿಲ್ಲ. ಧರ್ಮಸ್ಥಳದ ಬಳಿಯ ನೇತ್ರಾವತಿಯಲ್ಲಿ, ಕುಕ್ಕೆಯ ಕುಮಾರಧಾರೆಯಲ್ಲಿ ‘ಸ್ನಾನಘಟ್ಟ’ ಎಂದೇ ಎಲ್ಲರೂ ಕರೆಯುತ್ತಾರೆ.

ಗಡಿನಾಡಿಗ, ಬೆಳಗಾವಿ

ಗುರುಗಳೇ, ಹಾಗಿದ್ದರೆ ಗುಡ್ಡದ ಅರ್ಥ ಎಲ್ಲಿಂದ ಬಂತು? ನಮ್ಮ ಬೆಳಗಾವಿಯಲ್ಲಿ ರಾಮಘಾಟ್ ರಸ್ತೆಯಿದೆ. ಅಲ್ಲಿ ನದಿಯೂ ಇಲ್ಲ, ಮೆಟ್ಟಿಲೂ ಇಲ್ಲ. ಸಹ್ಯಾದ್ರಿಯನ್ನು ಇಳಿದು ವೆಂಗುರ್ಲಾ ಬಂದರಿನ ಕಡೆಗೆ ಹೋಗುವ ಹಳೆಯ ದಾರಿಗೆ ರಾಮಘಾಟ್ ಎಂಬ ಹೆಸರಿತ್ತು, ರಸ್ತೆ ಆ ಹೆಸರನ್ನು ಹೊತ್ತಿದೆ. ಇಂದಿಗೂ ಗೋವಾಕ್ಕೆ ಹೋಗುವವರು ಚೋರ್ಲಾ ಘಾಟ್ ಎನ್ನುತ್ತಾರೆ, ಸಾವಂತವಾಡಿಗೆ ಹೋಗುವವರು ಅಂಬೋಲಿ ಘಾಟ್ ಎನ್ನುತ್ತಾರೆ. ಇಲ್ಲಿ ಘಾಟ್ ಎಂದರೆ ಪರ್ವತವಲ್ಲ, ಪರ್ವತವನ್ನು ಹತ್ತಿ ಇಳಿಯುವ ದಾರಿ. ಅದನ್ನು ಇಡೀ ಬೆಟ್ಟಸಾಲಿಗೆ ಹಚ್ಚಿ ಪೂರ್ವ ಘಾಟ್, ಪಶ್ಚಿಮ ಘಾಟ್ ಎಂದು ನಕ್ಷೆಗಳಲ್ಲಿ ಬರೆದವರು ಯುರೋಪಿನವರು. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ ಆಂಗ್ಲೋ-ಇಂಡಿಯನ್ ಪದಕೋಶದಲ್ಲಿಯೂ ದಾರಿಯ ಹೆಸರು ಸಾಲಿನ ಹೆಸರಾದದ್ದನ್ನು ಹೀಗೆಯೇ ವಿವರಿಸಲಾಗಿದೆ. ಹೀಗಾಗಿ ಗುಡ್ಡದ ಅರ್ಥವನ್ನು ಬದಿಗಿಟ್ಟು, ‘ಇಳಿಯುವ ದಾರಿ’ ಎಂಬುದನ್ನೇ ಮೂಲಾರ್ಥವೆಂದು ಹಿಡಿದರೆ ಹೊಳೆಯ ಘಟ್ಟವೂ ಮಲೆಯ ಘಟ್ಟವೂ ಹೊಂದಿಕೊಳ್ಳುತ್ತವೆ ಎಂದು ನನಗೆ ತೋರುತ್ತದೆ.

ಶಬ್ದಮೂಲ, ಮುಧೋಳ

ಒಳ್ಳೆಯ ಅಂಶವನ್ನು ಎತ್ತಿದ್ದೀರಿ. ಒಂದು ತಿದ್ದುಪಡಿ ಮಾತ್ರ ಬೇಕು. ಬನ್ನೇರುಘಟ್ಟ, ಶಿಡ್ಲಘಟ್ಟದಂಥ ಹೆಸರುಗಳನ್ನು ಯುರೋಪಿನವರ ನಕ್ಷೆಗಳಿಂದ ಬಂದವೆಂದು ಹೇಳಲಾಗದು. ಕರಾವಳಿಯವರು ‘ಘಟ್ಟದ ಮೇಲಿನವರು’ ಎಂದು ನಮ್ಮ ಸೀಮೆಯವರನ್ನು ಕರೆಯುವುದೂ ನಕ್ಷೆ ನೋಡಿ ಕಲಿತ ಮಾತಲ್ಲ. ಎತ್ತರದ ನೆಲ ಎಂಬ ಅರ್ಥ ದಕ್ಷಿಣದಲ್ಲಿ ಬೇರೆಯಾಗಿಯೇ ಬೆಳೆದಿರಬೇಕು.

ಆದರೆ ‘ಇಳಿಯುವ ದಾರಿ’ ಎಂಬ ನಿಮ್ಮ ಅರ್ಥಕ್ಕಿಂತಲೂ ‘ದಾಟುವ ಜಾಗ’ ಎಂಬ ಅರ್ಥವೇ ಹೆಚ್ಚು ಒಪ್ಪುತ್ತದೆ ಎಂದು ನನ್ನ ಅಭಿಪ್ರಾಯ. ಅದಕ್ಕೆ ಆಧಾರವಾಗಿ ಸಂಸ್ಕೃತದ ಒಂದು ಲೌಕಿಕನ್ಯಾಯವನ್ನು, ಅಂದರೆ ಗಾದೆಯಂತೆ ಬಳಸುವ ದೃಷ್ಟಾಂತವನ್ನು, ಹೇಳುತ್ತೇನೆ. ಅದರ ಹೆಸರು ‘ಘಟ್ಟಕುಟೀಪ್ರಭಾತನ್ಯಾಯ’. ಒಬ್ಬ ವ್ಯಾಪಾರಿ ಸುಂಕ ತಪ್ಪಿಸಬೇಕೆಂದು ರಾತ್ರಿಯ ಕತ್ತಲಲ್ಲಿ ಹೆದ್ದಾರಿ ಬಿಟ್ಟು ಅಡ್ಡದಾರಿ ಹಿಡಿದು ಹೊರಡುತ್ತಾನೆ. ಮುಳ್ಳು ಕಲ್ಲು ತುಳಿದು, ದಿಕ್ಕು ತಪ್ಪಿ, ರಾತ್ರಿಯಿಡೀ ಅಲೆದು, ಮೂಡಣದಲ್ಲಿ ಬೆಳಕು ಹರಿಯುವ ಹೊತ್ತಿಗೆ ತಲೆಯೆತ್ತಿ ನೋಡಿದರೆ ಎದುರಿಗೆ ನಿಂತಿರುವುದು ಅದೇ ಸುಂಕದ ಕಟ್ಟೆ! ಆ ಸುಂಕದ ಕಟ್ಟೆಗೇ ‘ಘಟ್ಟಕುಟೀ’ ಎಂದು ಹೆಸರು. ‘ಕುಟೀ’ ಎಂದರೆ ಗುಡಿಸಲು, ಘಟ್ಟದಲ್ಲಿರುವ ಗುಡಿಸಲು. ಸುಂಕವನ್ನು ಎಲ್ಲೆಂದರಲ್ಲಿ ವಸೂಲಿ ಮಾಡಲಾಗುವುದಿಲ್ಲ. ಎತ್ತಿನ ಹೇರು, ಕತ್ತೆಯ ಹೇರು, ತಲೆಹೊರೆ ಯಾವುದೇ ಇರಲಿ, ಎಲ್ಲರೂ ಬಂದು ಸೇರಲೇಬೇಕಾದ ಇಕ್ಕಟ್ಟಿನ ಜಾಗವೊಂದು ಬೇಕು, ಅಂಥ ಜಾಗಗಳು ಎರಡೇ ಬಗೆಯವು: ನದಿ ದಾಟುವ ಜಾಗ ಮತ್ತು ಬೆಟ್ಟ ದಾಟುವ ಜಾಗ. ನದಿಯಲ್ಲಿ ದೋಣಿ ನಡೆಸಿ ಬದುಕುವವನಿಗೆ ಸಂಸ್ಕೃತ ಕೋಶಗಳಲ್ಲಿ ‘ಘಟ್ಟಜೀವಿ’ ಎಂಬ ಹೆಸರೂ ಇದೆ. ಮೆಟ್ಟಿಲು ಕಟ್ಟಿದ ಮಾತ್ರಕ್ಕೆ ಅಲ್ಲಿ ಯಾರೂ ಜೀವನ ಸಾಗಿಸಲಾರರು, ದಾಟಿಸಿದರೆ ಸಾಗಿಸಬಹುದು.

ಹೊಳೆಸಾಲು ಅವರೇ, ನಿಮ್ಮ ತೂತಿನ ಕಲ್ಲು ಈ ಅರ್ಥವನ್ನೇ ಹೇಳುತ್ತಿದೆ.

ಮಲಪ್ರಭೆಯ ಮಗಳು, ಖಾನಾಪುರ

ಗುರುಗಳಿಗೆ ನಮಸ್ಕಾರ. ದಾಟುವುದೇ ಮುಖ್ಯವಾದರೆ, ‘ತೀರ್ಥ’ ಎಂಬ ಶಬ್ದವನ್ನು ಮರೆಯಬಾರದು. ನಾವು ಇಂದು ತೀರ್ಥವೆಂದರೆ ಗುಡಿಯಲ್ಲಿ ಅಂಗೈಗೆ ಹಾಕುವ ನೀರು ಎಂದೇ ತಿಳಿದಿದ್ದೇವೆ, ಇಲ್ಲವೇ ಯಾತ್ರೆಯ ಸ್ಥಳ ಎನ್ನುತ್ತೇವೆ. ಆದರೆ ಅದರ ಧಾತು ‘ತೄ’, ಅಂದರೆ ದಾಟು. ತೀರ್ಥವೆಂದರೆ ಮೊದಲಿಗೆ ಹೊಳೆಯನ್ನು ಕಾಲ್ನಡೆಯಲ್ಲಿ ದಾಟಬಹುದಾದ, ನೀರಿಗೆ ಸುರಕ್ಷಿತವಾಗಿ ಇಳಿಯಬಹುದಾದ ಜಾಗ. ದಾಟುವವರು ಅಲ್ಲಿ ಕಾಲು ತೊಳೆದರು, ಮಿಂದರು, ದೇವರನ್ನು ನೆನೆದರು. ಮೀಯುವುದು ಪುಣ್ಯವಾಗಿ, ಆ ನೀರೇ ತೀರ್ಥವಾಯಿತು. ನಮ್ಮ ಹೊಳೆ ಕಣಕುಂಬಿಯಲ್ಲಿ ಹುಟ್ಟಿ ಅಸೋಗದ ರಾಮಲಿಂಗೇಶ್ವರನ ಪಕ್ಕದಲ್ಲಿ ಹರಿದು, ಮುಂದೆ ಸವದತ್ತಿ ಸೀಮೆಯಲ್ಲಿ ಅಣೆಕಟ್ಟು ಕಟ್ಟಿರುವ ಕಣಿವೆಗೆ ತಲುಪುತ್ತದೆ. ಆ ಜಾಗದ ಹೆಸರು ನವಿಲುತೀರ್ಥ. ಹೆಸರಿನಲ್ಲಿ ಶಬ್ದ ಹಾಗೆಯೇ ಉಳಿದಿದೆ, ಅರ್ಥ ಮಾತ್ರ ನಮ್ಮ ಕಿವಿಯಿಂದ ಜಾರಿಹೋಗಿದೆ.

ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯಲ್ಲಿ ನೇಮಿನಾಥ ತೀರ್ಥಂಕರರ ಮೂರ್ತಿಯ ಮುಂದೆ ನಿಂತಾಗಲೆಲ್ಲ ನನಗೆ ಈ ಧಾತು ನೆನಪಾಗುತ್ತದೆ. ತೀರ್ಥಂಕರ ಎಂದರೆ ದಾಟುವ ಜಾಗವನ್ನು ಮಾಡಿಕೊಟ್ಟವನು. ಸಂಸಾರವೆಂಬ ಹೊಳೆಗೆ ಇಳಿಯಲು, ದಾಟಲು ನೆಲೆ ಕಟ್ಟಿದವನು. ‘ತೀರ’, ‘ಅವತಾರ’ ಎಂಬ ಶಬ್ದಗಳೂ ಇದೇ ಧಾತುವಿನವು. ಮರಾಠಿಯಲ್ಲಿ ಇಳಿಜಾರಿಗೂ ಹೊಳೆಯಲ್ಲಿ ಇಳಿದು ದಾಟುವ ಜಾಗಕ್ಕೂ ಹೇಳುವ ‘ಉತಾರ್’ ಕೂಡ ಅದರದ್ದೇ.

ಎರೆನೆಲ, ವಿಜಯಪುರ

ಮಾನ್ಯರೆಲ್ಲರೂ ಸಂಸ್ಕೃತದ ಕಡೆಯಿಂದಲೇ ಬರುತ್ತಿದ್ದೀರಿ. ನನ್ನದು ಬೇರೆ ಮಾತು. ‘ಘಟ್ಟ’ವು ನಮ್ಮ ‘ಕಟ್ಟು’ ಎಂಬುದರಿಂದಲೇ ಹೋದ ಶಬ್ದವೆಂದು ನಾನು ಬಹಳ ದಿನಗಳಿಂದ ನಂಬಿದ್ದೇನೆ. ಕಟ್ಟು, ಕಟ್ಟೆ, ಕಟ್ಟಡ ಇವೆಲ್ಲ ನಮ್ಮವು. ನೀರಿಗೆ ಅಡ್ಡವಾಗಿ ಹಾಕಿದ್ದೂ ಕಟ್ಟೆ, ಮರದ ಸುತ್ತ ಕಲ್ಲು ಜೋಡಿಸಿದ್ದೂ ಕಟ್ಟೆ. ಹೊಳೆಯ ದಂಡೆಗೆ ಕಲ್ಲು ಕಟ್ಟಿದ್ದು ಘಟ್ಟ. ತೆಲುಗಿನಲ್ಲಿ ‘ಗಟ್ಟು’ ಎಂದರೆ ದಂಡೆ, ಏರಿ, ಗುಡ್ಡ ಎಂದೇ ಅರ್ಥವಿದೆ. ಕನ್ನಡದಲ್ಲಿಯೂ ಸಮಾಸದಲ್ಲಿ ಕಟ್ಟು ‘ಗಟ್ಟು’ ಆಗುತ್ತದೆ: ಅಂಗಡಿ ಮುಂಗಟ್ಟು, ಒಗ್ಗಟ್ಟು. ಅದಕ್ಕೆ ಉತ್ತರದವರು ಮಹಾಪ್ರಾಣ ಸೇರಿಸಿಕೊಂಡಿರಬಹುದು. ಗುರುಗಳು ಹೇಳಿದ ಬನ್ನೇರುಘಟ್ಟವೂ ಆಗ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಶಬ್ದಮೂಲ, ಮುಧೋಳ

ನಿಮ್ಮ ವಾದವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಸಂಸ್ಕೃತದ ಕಡೆಯ ವ್ಯುತ್ಪತ್ತಿಯೂ ಗಟ್ಟಿಯಾಗಿಲ್ಲ. ‘ಘಟ್ಟ್’ ಎಂಬ ಧಾತುವಿಗೆ ತಾಗು, ತಿಕ್ಕು, ಅಲುಗಿಸು ಎಂಬ ಅರ್ಥಗಳಿವೆ. ದೋಣಿ ಬಂದು ದಂಡೆಗೆ ತಾಗುವ ಜಾಗವಾದ್ದರಿಂದ ಘಟ್ಟ ಎಂದು ಹೇಳಿಬಿಡುವುದು ಸುಲಭ, ಕೇಳಲೂ ಚೆಂದ. ಆದರೆ ಅರ್ಥ ಹೊಂದಿಕೊಂಡ ಮಾತ್ರಕ್ಕೆ ಮೂಲ ಸಿದ್ಧವಾಗುವುದಿಲ್ಲ. ತಿಕ್ಕಿದ್ದು ಎಂಬ ಅರ್ಥದ ‘ಘೃಷ್ಟ’ ಎಂಬುದರಿಂದ ಬಂತೆನ್ನುವವರಿಗೂ ತೊಡಕಿದೆ. ಅದು ಪ್ರಾಕೃತದಲ್ಲಿ ‘ಘಟ್ಠ’ ಎಂದು ಮಹಾಪ್ರಾಣದ ಒತ್ತಿನೊಂದಿಗೆ ಆಗುತ್ತದೆಯೇ ಹೊರತು ‘ಘಟ್ಟ’ ಎಂದಲ್ಲ. ತಕಾರದಂಥ ದಂತ್ಯವಿಲ್ಲದೆ ನಾಲಿಗೆ ಮಡಚಿ ನುಡಿಯುವ ಎರಡು ಮೂರ್ಧನ್ಯ ಟಕಾರಗಳು ಕೂಡಿರುವ ಇಂಥ ಶಬ್ದಗಳನ್ನು ಕಂಡಾಗ ದ್ರಾವಿಡದ ಕಡೆಗೆ ನೋಡುವುದು ತಪ್ಪಲ್ಲ.

ನಿಮ್ಮ ವಾದದಲ್ಲಿ ನನಗೆ ಒಪ್ಪಿಗೆಯಾಗದ ಭಾಗ ಇದು: ‘ಮುಂಗಟ್ಟು’, ‘ಒಗ್ಗಟ್ಟು’ಗಳಲ್ಲಿ ಕಕಾರವು ಗಕಾರವಾಗುವುದು ಅದು ಉತ್ತರಪದವಾದ ಕಾರಣಕ್ಕೆ. ಒಂಟಿಯಾಗಿ ನಿಂತ ಶಬ್ದದ ಮೊದಲ ಕಕಾರ ಗಕಾರವಾಗಿ, ಅಲ್ಲಿಂದ ಘಕಾರವಾಯಿತೆನ್ನಲು ಬೇರೆಯೇ ಸಾಕ್ಷಿ ಬೇಕು. ಕನ್ನಡದ ಬಾಯಿಯಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದ ಬದಲಾವಣೆ, ‘ಘಂಟೆ’ ‘ಗಂಟೆ’ಯಾಗುತ್ತದೆ. ನಮ್ಮ ಕಡೆ ‘ಗಟ್ಟ’ ಎಂದು ಕೇಳಿಸಿದರೆ ಅದು ಮೂಲರೂಪವೂ ಇರಬಹುದು, ಮಹಾಪ್ರಾಣ ಕಳೆದುಕೊಂಡ ತದ್ಭವವೂ ಇರಬಹುದು. ಕಿವಿಯೊಂದನ್ನೇ ನಂಬಿ ತೀರ್ಮಾನಿಸಲಾಗದು. ಇದಲ್ಲದೆ, ಕಟ್ಟಿದ್ದರಿಂದ ಘಟ್ಟ ಎಂದರೆ, ಕಲ್ಲು ಕಟ್ಟದ ಮಲೆಯ ದಾರಿಗೆ, ಸುಂಕದ ಗುಡಿಸಲಿಗೆ ಆ ಹೆಸರು ಹೇಗೆ ಬಂತೆಂಬುದನ್ನೂ ನೀವು ಹೇಳಬೇಕಾಗುತ್ತದೆ.

ಕರಾವಳಿಯಿಂದ ಬಂದವಳು, ಬೆಳಗಾವಿ

ನಾನು ಮದುವೆಯಾಗಿ ಈ ಊರಿಗೆ ಬಂದವಳು, ತವರು ಉಡುಪಿಯ ಕಡೆ. ನಮ್ಮಲ್ಲಿ ದೋಣಿ ದಾಟುವ ಜಾಗಕ್ಕೆ ‘ಕಡವು’ ಎನ್ನುತ್ತಾರೆ. ಇದಕ್ಕೆ ಸಂಸ್ಕೃತದ ಹಂಗಿಲ್ಲ. ಮಲಯಾಳದಲ್ಲಿಯೂ ‘ಕಡವ್’ ಎಂದರೆ ಇದೇ ಅರ್ಥ. ತಮಿಳಿನಲ್ಲಿ ‘ಕಡ’ ಎಂದರೆ ದಾಟು. ಮಳೆಗಾಲದಲ್ಲಿ ಕಡವಿನ ಹತ್ತಿರ ನಿಂತು, ಆಚೆ ದಡದಲ್ಲಿರುವ ದೋಣಿಯವರನ್ನು ಕೂಗಿ ಕರೆದು, ಅವರು ಬರುವ ತನಕ ಕೊಡೆಯ ಕೆಳಗೆ ಕಾಯುತ್ತಿದ್ದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಅಲ್ಲಿ ಒಂದೇ ಒಂದು ಮೆಟ್ಟಿಲೂ ಇರಲಿಲ್ಲ. ಕೆಸರಿನಲ್ಲಿ ಹುಗಿದ ಒಂದು ತೆಂಗಿನ ದಿಮ್ಮಿ ಇತ್ತು, ಅದರ ಮೇಲೆ ಕಾಲಿಟ್ಟು ದೋಣಿ ಹತ್ತಬೇಕು. ಆದರೂ ಅದು ಕಡವು. ಕಟ್ಟಿದ್ದರೇ ಘಟ್ಟ ಎನ್ನುವ ಅಣ್ಣನವರು ಇದನ್ನು ಗಮನಿಸಬೇಕು.

‘ರೇವು’ ಎಂಬ ಶಬ್ದವನ್ನು ‘ರೇವುಪಟ್ಟಣ’ದಲ್ಲಿ ಎಲ್ಲರೂ ಓದಿರುತ್ತೀರಿ, ತೆಲುಗಿನಲ್ಲಿ ಅದು ಇಂದಿಗೂ ಹೊಳೆಯ ದಂಡೆಯಲ್ಲಿ ಇಳಿಯುವ ಜಾಗದ ಹೆಸರೇ. ‘ಬಂದರು’ ಪಾರಸಿಯಿಂದ ಬಂದದ್ದು, ಮಂಗಳೂರಿನವರ ‘ಧಕ್ಕೆ’ ಮೀನುಗಾರರ ದೋಣಿ ನಿಲ್ಲುವ ಕಟ್ಟೆ. ಇವೆರಡೂ ಸಮುದ್ರದವು, ಕೃಷ್ಣೆಗೆ ಹೊಂದುವುದಿಲ್ಲ.

ಶಬ್ದಮೂಲ, ಮುಧೋಳ

ಅಕ್ಕನವರ ‘ಕಡವು’ ನನಗೆ ಹೊಳೆಸಾಲು ಅವರ ಆಯಿಯ ಮಾತನ್ನು ಮತ್ತೆ ನೆನಪಿಸಿತು. “ಹೊಳಿ ಹಾಯಾಕ” ಎಂದರಲ್ಲವೇ? ‘ಹಾಯು’ ಎಂದರೆ ದಾಟು. ಹಳಗನ್ನಡದ ‘ಪಾಯ್’ ಎಂಬುದರಿಂದ ಬಂದದ್ದು. ಈ ಹಾಯುವ ಜಾಗಕ್ಕೆ ಕನ್ನಡದಲ್ಲಿ ‘ಹಾಯ್ಗಡ’ ಎಂಬ ಶಬ್ದವಿದೆ. ನದಿಯನ್ನು ದಾಟುವ ಸ್ಥಳವೆಂದೇ ಅದರ ಅರ್ಥ. ಉತ್ತರಪದದ ‘ಗಡ’ವು ‘ಕಡ’ವೇ ಆಗಿದ್ದು, ಕರಾವಳಿಯ ಕಡವಿಗೆ ಹತ್ತಿರದ್ದು. ಎರೆನೆಲದವರು ಹೇಳಿದ ಕಕಾರ ಗಕಾರವಾಗುವ ನಿಯಮ ಇಲ್ಲಿ ತನ್ನ ಸರಿಯಾದ ಜಾಗದಲ್ಲಿ ಕೆಲಸ ಮಾಡಿದೆ, ನೋಡಿ. ನಮ್ಮ ಸೀಮೆಯಲ್ಲಿ ಹೆಸರುಪದ ಮಾತಿನಿಂದ ಬಿದ್ದುಹೋಗಿದೆ, ಕ್ರಿಯಾಪದ ಮಾತ್ರ ಹಿರಿಯರ ನಾಲಿಗೆಯ ಮೇಲೆ ನಿಂತಿದೆ. ಆಯಿ ಹೆಸರು ಹೇಳಲಿಲ್ಲವೆಂದು ನೀವು ಬರೆದಿರಿ. ಅರ್ಧ ಹೆಸರನ್ನು ಅವರು ಹೇಳಿಯೇ ಇದ್ದಾರೆ.

ಸಂಗಮದವನು, ಹುನಗುಂದ

ಈ ಚರ್ಚೆಯನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದೇನೆ, ಆದರೆ ಒಂದು ಮಾತನ್ನು ಒಪ್ಪಲು ನನ್ನಿಂದಾಗದು. ದಾಟುವುದೇ ಮೂಲ, ಮೀಯುವುದು ಆಮೇಲೆ ಬಂದದ್ದು ಎಂಬಂತೆ ಎಲ್ಲರೂ ಬರೆಯುತ್ತಿದ್ದೀರಿ. ಸಂಕ್ರಮಣದ ದಿನ ಕೂಡಲಸಂಗಮಕ್ಕೆ ಬನ್ನಿ. ಎಳ್ಳು ಹಚ್ಚಿಕೊಂಡು ಜಳಕ ಮಾಡಿ, ದಂಡೆಯ ಮೇಲೆ ಸಜ್ಜಿ ರೊಟ್ಟಿಯ ಬುತ್ತಿ ಬಿಚ್ಚುವವರಲ್ಲಿ ಯಾರೂ ಹೊಳೆ ದಾಟುವುದಿಲ್ಲ. ಅವರಿಗೆ ಘಟ್ಟವೆಂದರೆ ನೀರಿಗೆ ಇಳಿಯುವ ಮೆಟ್ಟಿಲು, ಅಷ್ಟೇ. ಸಾವಿರಾರು ಜನ ಬಳಸುವ ಅರ್ಥವನ್ನು ಎರಡನೆಯ ಸಾಲಿಗೆ ದೂಡಬಾರದು.

ಆದರೂ ನೀವು ಹೇಳಿದ್ದರ ಹಿಂದಿನ ಕಾರಣವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೃಷ್ಣೆ ಮತ್ತು ಮಲಪ್ರಭೆ ಕೂಡುವಲ್ಲಿ ಬಸವಣ್ಣನವರ ಐಕ್ಯಮಂಟಪಕ್ಕೆ, ನಾರಾಯಣಪುರದ ಹಿನ್ನೀರು ನಿಂತ ಮೇಲೆ, ಸುತ್ತ ಎತ್ತರದ ಗೋಡೆ ಕಟ್ಟಿ, ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ಹೋಗುವ ಏರ್ಪಾಟು ಮಾಡಿದ್ದಾರೆ. ಹೊಳೆ ಇದ್ದ ಮಟ್ಟ ಬದಲಾದರೆ ಅದರ ದಂಡೆಯ ಎಲ್ಲ ಜಾಗಗಳೂ ಬದಲಾಗುತ್ತವೆ. ಮೇಲುಗಡೆ ಆಲಮಟ್ಟಿಯಲ್ಲಿ 519.60 ಮೀಟರ್ ಮಟ್ಟಕ್ಕೆ ನೀರು ನಿಲ್ಲಿಸಿದಾಗ ಬಾಗಲಕೋಟೆಯ ಹಳೆಯ ಊರಿನ ಭಾಗವೂ, ಕೊಲ್ಹಾರದ ಕಡೆಯ ಹಳೆಯ ಸೇತುವೆಯೂ ನೀರಿಗೆ ಹೋದವು. ಅದಕ್ಕೂ ಮೊದಲು 1989ರಲ್ಲಿ ಜಮಖಂಡಿ ಸೀಮೆಯ ರೈತರು ತಾವೇ ದುಡ್ಡು ಕೂಡಿಸಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿದರು. ಬೇಸಿಗೆಯಲ್ಲಿ ಮೊಣಕಾಲುದ್ದದ ನೀರಲ್ಲಿ ಹಾಯ್ದು ಹೋಗುತ್ತಿದ್ದ ಜಾಗಗಳಲ್ಲಿ ಈಗ ಆಳೆತ್ತರದ ನೀರು. ದಾಟುವವರಿಗೆ ಸೇತುವೆಯ ಮೇಲೆ ಬಸ್ಸು. ದಾಟುವುದು ಸೇತುವೆಗೆ ಹೋಯಿತು, ಹೊಳೆಯ ದಂಡೆಗೆ ಜಳಕವೊಂದೇ ಉಳಿಯಿತು. ಘಟ್ಟವೆಂದರೆ ಮೆಟ್ಟಿಲು ಎಂದು ನಮ್ಮ ಮಕ್ಕಳಿಗೆ ತೋರುವುದು ಈ ಕಾರಣದಿಂದ ಇರಬಹುದು.

ಗಡಿನಾಡಿಗ, ಬೆಳಗಾವಿ

ಒಂದು ಸಣ್ಣ ಪ್ರಶ್ನೆ. ಘಟಪ್ರಭಾ ನದಿಯ ಹೆಸರಿನಲ್ಲಿಯೂ ಈ ಘಟ್ಟವೇ ಇದೆಯೇ?

ಶಬ್ದಮೂಲ, ಮುಧೋಳ

ಇಲ್ಲ. ಅಲ್ಲಿರುವುದು ಒತ್ತಿಲ್ಲದ ‘ಘಟ’, ಅಂದರೆ ಕೊಡ. ಒತ್ತಕ್ಷರವೊಂದನ್ನು ಬಿಟ್ಟು ಓದಿದರೆ ಶಬ್ದವೇ ಬೇರೆಯಾಗುತ್ತದೆ.

ಸಂಗಮದವರ ಆಕ್ಷೇಪಕ್ಕೆ ನನ್ನ ಒಪ್ಪಿಗೆಯಿದೆ. ಅರ್ಥ ಬೆಳೆಯುವುದು ಅಪರಾಧವಲ್ಲ, ಇಂದಿನ ಕನ್ನಡದಲ್ಲಿ ‘ಕೊನೆಯ ಘಟ್ಟ’, ‘ನಿರ್ಣಾಯಕ ಘಟ್ಟ’ ಎಂದು ಬರೆಯುವಾಗ ನಾವು ನೀರನ್ನೂ ಮಲೆಯನ್ನೂ ಬಿಟ್ಟು ಒಂದು ಹಂತವನ್ನು ಸೂಚಿಸುತ್ತೇವೆ, ಅದೂ ಸರಿಯಾದ ಬಳಕೆಯೇ. ನನ್ನ ಕಾಳಜಿ ಇಷ್ಟೇ: ಸ್ನಾನಕ್ಕೆ ಬಳಸುವ ಕಡೆ ‘ಸ್ನಾನಘಟ್ಟ’ ಎಂದು ಬರೆಯಲಿ, ದೋಣಿ ಕಟ್ಟಿದ ಗುರುತು ಕಲ್ಲಿನಲ್ಲಿಯೇ ಇರುವ ಕಡೆ ಸ್ನಾನದ ಮಾತನ್ನು ಸೇರಿಸಿ ಅದರ ಹಳೆಯ ಕೆಲಸವನ್ನು ಮುಚ್ಚದಿರಲಿ.

ಹೊಳೆಸಾಲು, ಬೀಳಗಿ

ಎಲ್ಲರ ಬರಹಗಳನ್ನೂ ಅಚ್ಚು ಹಾಕಿಸಿ, ನಿನ್ನೆ ಸಂಜೆ ಗುಡಿಯ ಕಟ್ಟೆಯ ಮೇಲೆ ಕೂತು ಹಿರಿಯರಿಗೆ ಓದಿ ಹೇಳಿದೆ. ಸುಂಕ ತಪ್ಪಿಸಹೋದ ವ್ಯಾಪಾರಿಯ ಕಥೆಯನ್ನು ಎರಡು ಸಲ ಓದಿಸಿದರು. ‘ಘಟ್ಟ’ ಹಿಂದಿಯ ಶಬ್ದವೆಂಬ ಆಕ್ಷೇಪವನ್ನು ಎತ್ತಿದವರೇ ಅದನ್ನು ಹಿಂದಕ್ಕೆ ಪಡೆದರು. ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿ ‘ಹೊಳೆಘಟ್ಟ’ ಎಂದೂ, ಅದರ ಕೆಳಗೆ ‘ಹಳೆಯ ಹಾಯ್ಗಡ’ ಎಂದೂ ಬರೆಯಲು ಒಪ್ಪಿದ್ದಾರೆ. ‘ಸ್ನಾನ’ ಎಂಬ ಮಾತನ್ನು ಸೇರಿಸಿಲ್ಲ. ಎರೆನೆಲದವರು ಬೇಸರಿಸಬಾರದು, ಕಟ್ಟು ಎಂಬುದರ ವಾದವನ್ನು ನಮ್ಮ ಊರಿನ ಗೌಂಡಿಯೊಬ್ಬರು ಕೊನೆಯವರೆಗೂ ಬಿಟ್ಟುಕೊಡಲಿಲ್ಲ.

ಮನೆಗೆ ಬಂದು ಆಯಿಗೆ ‘ಹಾಯ್ಗಡ’ ಎಂಬ ಶಬ್ದವನ್ನು ಹೇಳಿದೆ. ಅವರು ಅದನ್ನು ಕೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವು ಮದುವೆಯಾಗಿ ಬಂದ ವರ್ಷ ಆಚೆ ದಂಡೆಯ ತವರಿಗೆ ಹೋಗಲು ಮುತ್ಯಾನ ಜೊತೆ ಆ ಕಲ್ಲಿನ ಹತ್ತಿರ ನಿಂತದ್ದನ್ನೂ, ಅಂಬಿಗೇರ ಮುದುಕ ಹರಿಗೋಲಿನ ಹಗ್ಗವನ್ನು ತೂತಿನೊಳಗಿಂದ ಎಳೆದು ಬಿಚ್ಚಿದ್ದನ್ನೂ ಹೇಳಿದರು. ಹಗ್ಗ ಪುಂಡಿ ನಾರಿನದಂತೆ, ನೀರು ಕುಡಿದು ಮಣಭಾರವಾಗಿರುತ್ತಿತ್ತಂತೆ. ಬೇಸಿಗೆಯಲ್ಲಿ ನೀರು ಇನ್ನಷ್ಟು ಇಳಿದ ಮೇಲೆ ಆ ಕಲ್ಲಿನ ಅಳತೆಯನ್ನೂ ಚಿತ್ರವನ್ನೂ ಇಲ್ಲಿ ಹಾಕುತ್ತೇನೆ.